ಹೊಟ್ಟೆಯ ಪಾಲಿಪ್ ಮತ್ತು ಎರಡನೇ ಬಾಟಲಿ

ಎಂಡೋಸ್ಕೋಪಿ ರಿಪೋರ್ಟ್‌ನಲ್ಲಿ ‘ಪಾಲಿಪ್’ ಅಂತ ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. “ಸಿಸ್ಟರ್, ಇದು ಕ್ಯಾನ್ಸರಾ?” ನಾನು ಎಂಡೋಸ್ಕೋಪಿ ರೂಮಿನ ನರ್ಸ್. ಡಾಕ್ಟರ್ ಸ್ಕೋಪ್ ಹಿಡಿದಿರುತ್ತಾರೆ, ಬಯಾಪ್ಸಿ ಫೋರ್ಸೆಪ್ಸ್‌ನ ಹಿಡಿ ನನ್ನ ಕೈಯಲ್ಲಿರುತ್ತದೆ. ತೆಗೆದ ಚೂರನ್ನು ಬಾಟಲಿಗೆ ಹಾಕಿ, ಮೇಲೆ ಹೆಸರು ಮತ್ತು ಜಾಗ ಬರೆದು ಲ್ಯಾಬಿಗೆ ಕಳಿಸುವುದೂ ನನ್ನದೇ ಕೆಲಸ. ಕಾಯಿಲೆ ಏನೆಂದು ಹೇಳಬೇಕಾದವರು ಡಾಕ್ಟರ್ ಮತ್ತು ಪೆಥಾಲಜಿಸ್ಟ್. ಆದರೆ ಆ ಪ್ರಶ್ನೆ ಕೇಳುವವರ ಮುಖ ನಾನು ದಿನಾ ನೋಡುತ್ತೇನೆ. ರಿಪೋರ್ಟ್ ಬರುವವರೆಗೆ ಅವರು ನಿದ್ದೆ ಇಲ್ಲದೆ ಒದ್ದಾಡುವುದೂ ಗೊತ್ತು. ಹಾಗಾಗಿ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಗೊಂದಲ ಬಗೆಹರಿಸೋಣ. ಪಾಲಿಪ್ ಅಂದರೆ ಒಳಪದರದ ಮೇಲೆ ಎದ್ದಿರುವ ಸಣ್ಣ ಗಂಟು, ಅಷ್ಟೇ. ಅದು ಎಲ್ಲಿ ಎದ್ದಿದೆ ಅನ್ನುವುದರ ಮೇಲೆ ಅರ್ಥ ಪೂರ್ತಿ ಬದಲಾಗುತ್ತದೆ. ದೊಡ್ಡ ಕರುಳಿನಲ್ಲಿ ಸಾಮಾನ್ಯವಾಗಿ ಸಿಗುವ ಅಡಿನೋಮಾ ಅನ್ನುವ ಪಾಲಿಪ್ ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಬಹುದು. ಹಾಗಾಗಿ ಅಲ್ಲಿ ಅದನ್ನು ಕಂಡ ಕೂಡಲೇ ತೆಗೆಯುತ್ತಾರೆ. ಇಂಟರ್‌ನೆಟ್‌ನಲ್ಲಿ ‘ಪಾಲಿಪ್’ ಅಂತ ಹುಡುಕಿದರೆ ಮೊದಲು ಸಿಗುವುದು ಇದೇ ಮಾಹಿತಿ. ಅದನ್ನು ಓದಿದವರು ತಮ್ಮ ಹೊಟ್ಟೆಗೂ ಅದೇ ಲೆಕ್ಕ ಹಾಕಿಕೊಂಡು ನಡುಗುತ್ತಾರೆ. ಹೊಟ್ಟೆಯ, ಅಂದರೆ ಜಠರದ, ಪಾಲಿಪ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಹೆಚ್ಚಿನವು ಯಾವತ್ತೂ ಕ್ಯಾನ್ಸರ್ ಆಗುವುದಿಲ್ಲ. ಎಂಡೋಸ್ಕೋಪಿ ಮಾಡಿಸಿಕೊಂಡ ನೂರು ಜನರಲ್ಲಿ 1ರಿಂದ 6 ಜನರಿಗೆ ಇವು ಕಾಣುತ್ತವೆ. ಬಹಳಷ್ಟು ಜನ ಬಂದಿರುವುದೇ ಬೇರೆ ಕಾರಣಕ್ಕೆ. ಎದೆಯುರಿ ಅಂತ ಬಂದಿರುತ್ತಾರೆ, ಇಣುಕಿ ನೋಡಿದಾಗ ಇದು ಸಿಗುತ್ತದೆ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಬಾಟಲಿಗಳ ಮೇಲೆ ಹೆಸರು ಬರೆದು ನನಗೆ ಗಟ್ಟಿಯಾದ ಒಂದು ಮಾತಿದೆ. ಹೊಟ್ಟೆಯ ಪಾಲಿಪ್ ವಿಚಾರದಲ್ಲಿ ಆ ಗಂಟಿಗಿಂತ ಅದರ ಸುತ್ತಲಿನ ಒಳಪದರ ಹೇಗಿದೆ ಅನ್ನುವುದೇ ಎಷ್ಟೋ ಸಲ ಜಾಸ್ತಿ ಮುಖ್ಯ. ಒಳ್ಳೆಯ ಡಾಕ್ಟರ್ ಪಾಲಿಪ್‌ನಿಂದ ಒಂದು ಚೂರು ತೆಗೆದು ಸುಮ್ಮನಾಗುವುದಿಲ್ಲ. ಸುತ್ತಮುತ್ತಲಿನ ಪದರದಿಂದಲೂ ಚೂರು ತೆಗೆದು ಬೇರೆ ಬಾಟಲಿಗೆ ಹಾಕಿಸುತ್ತಾರೆ. ಆ ಎರಡನೇ ಬಾಟಲಿಯ ಬಗ್ಗೆ ರೋಗಿಗಳು ಕೇಳುವುದೇ ಇಲ್ಲ. ಅವರ ಕಣ್ಣೆಲ್ಲ ಮೊದಲನೆಯದರ ಮೇಲೆ.

ರೂಮಿನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತೇವೆ. ಎಡಗಡೆ ತಿರುಗಿ ಮಲಗಿಸಿ, ಹಲ್ಲಿನ ಮಧ್ಯೆ ಪ್ಲಾಸ್ಟಿಕ್ ಬಳೆಯಂಥ ಮೌತ್‌ಗಾರ್ಡ್ ಇಡುತ್ತೇವೆ. ಸ್ಕೋಪ್ ಒಳಗೆ ಹೋದ ಮೇಲೆ ಗಾಳಿ ತುಂಬಿ ಹೊಟ್ಟೆಯ ಮಡಿಕೆಗಳನ್ನು ಬಿಡಿಸಬೇಕು. ನೊರೆ ಇದ್ದರೆ ಸಿಮೆಥಿಕೋನ್ ಬೆರೆಸಿದ ನೀರಿನಿಂದ ತೊಳೆಯಬೇಕು. ಮಡಿಕೆಯೊಳಗೆ, ನೊರೆಯ ಕೆಳಗೆ ಸಣ್ಣ ಪಾಲಿಪ್ ಅಡಗಿ ಕೂತಿರುತ್ತದೆ. ಮೇಲ್ಭಾಗದ ಫಂಡಸ್ ನೋಡಲು ಡಾಕ್ಟರ್ ಸ್ಕೋಪಿನ ತುದಿಯನ್ನು ಹಿಂದಕ್ಕೆ ಬಗ್ಗಿಸುತ್ತಾರೆ. ಆಗ ತೇಗು ಬರುತ್ತದೆ. ತೇಗಿದರೆ ಗಾಳಿ ಹೋಗಿ ಹೊಟ್ಟೆ ಮತ್ತೆ ಮುದುಡುತ್ತದೆ. ಅದಕ್ಕೇ ನಾವು “ಸ್ವಲ್ಪ ತಡ್ಕೊಳ್ಳಿ, ಮೂಗಲ್ಲಿ ನಿಧಾನ ಉಸಿರಾಡಿ” ಅಂತ ಪದೇಪದೇ ಹೇಳುವುದು.

ಪಾಲಿಪ್ ಕಂಡರೆ ಫೋರ್ಸೆಪ್ಸ್ ಒಳಗೆ ಬಿಡುತ್ತೇವೆ. ಸ್ಕೋಪಿನ ಒಳದಾರಿಯಲ್ಲಿ ಹೋಗುವ ಉದ್ದದ ತಂತಿ, ತುದಿಯಲ್ಲಿ ಎರಡು ಪುಟ್ಟ ಬಟ್ಟಲು. ಡಾಕ್ಟರ್ “ಓಪನ್” ಅಂದಾಗ ಹಿಡಿ ಮುಂದಕ್ಕೆ ತಳ್ಳುತ್ತೇನೆ, “ಕ್ಲೋಸ್” ಅಂದಾಗ ಹಿಂದಕ್ಕೆ. ಪರದೆಯ ಮೇಲೆ ಪದರ ಸ್ವಲ್ಪ ಎಳೆದು ಗುಡಾರದ ಹಾಗೆ ಎದ್ದು, ಟಪ್ ಅಂತ ಬಿಡುತ್ತದೆ. ಒಂದು ಹನಿ ರಕ್ತ ಜಿನುಗಿ ತಾನಾಗೇ ನಿಲ್ಲುತ್ತದೆ. ಹೊಟ್ಟೆಯ ಒಳಪದರಕ್ಕೆ ಚರ್ಮದಂಥ ನೋವು ಇಲ್ಲ, ಅದಕ್ಕೆ ಚಿವುಟಿದ್ದು ರೋಗಿಗೆ ಗೊತ್ತೇ ಆಗುವುದಿಲ್ಲ. ಸಿಗುವ ಚೂರು ಎರಡು ಮೂರು ಮಿಲಿಮೀಟರ್ ಇರುತ್ತದೆ. ಅದನ್ನು ಸೂಜಿಯ ತುದಿಯಿಂದ ಬಿಡಿಸಿ ಫಾರ್ಮಲಿನ್ ಬಾಟಲಿಗೆ ಹಾಕುತ್ತೇನೆ. ಮೇಲೆ ಬರೆಯುತ್ತೇನೆ: ‘ಬಾಡಿ, ಪಾಲಿಪ್’. ಬಾಡಿ ಅಂದರೆ ಹೊಟ್ಟೆಯ ನಡುಭಾಗ. ಇನ್ನೊಂದರ ಮೇಲೆ: ‘ಆಂಟ್ರಮ್’, ಅಂದರೆ ಕರುಳಿನ ಕಡೆಗಿರುವ ಕೆಳಭಾಗ. ಮತ್ತೊಂದರ ಮೇಲೆ: ‘ಬಾಡಿ, ಸುತ್ತಲಿನ ಪದರ’. ಈ ಜಾಗದ ಹೆಸರು ಇಲ್ಲದೆ ಹೋದರೆ ಚೂರಿನ ಬೆಲೆ ಅರ್ಧ ಹೋದ ಹಾಗೆ. ಬೇರೆ ಕಡೆಯಿಂದ ಬರುವ ಕೆಲವು ರಿಪೋರ್ಟ್‌ಗಳಲ್ಲಿ ‘ಗ್ಯಾಸ್ಟ್ರಿಕ್ ಪಾಲಿಪ್, ಬಯಾಪ್ಸಿ ತೆಗೆದಿದೆ’ ಅಂತ ಮಾತ್ರ ಇರುತ್ತದೆ. ಎಷ್ಟು ಇದ್ದವು, ಎಷ್ಟು ದೊಡ್ಡವು, ಎಲ್ಲಿದ್ದವು ಅಂತ ಇಲ್ಲ. ಫೋಟೋನೂ ಇಲ್ಲ. ಅಂಥದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ವ್ಯಕ್ತಿ ಒಮ್ಮೆ ಪೈಪ್ ನುಂಗಿ ಆಗಿದೆ, ಈಗ ಮತ್ತೊಮ್ಮೆ ನುಂಗಬೇಕು.

ಹೊಟ್ಟೆಯ ಬಾಡಿ ಮತ್ತು ಫಂಡಸ್‌ನಲ್ಲಿ ನಾವು ಹೆಚ್ಚು ನೋಡುವುದು ಫಂಡಿಕ್ ಗ್ಲ್ಯಾಂಡ್ ಪಾಲಿಪ್. ನಯವಾಗಿ, ಅರೆಪಾರದರ್ಶಕವಾಗಿ, ಸುತ್ತಲಿನ ಪದರದ್ದೇ ಬಣ್ಣದಲ್ಲಿ, ಎಲೆ ಮೇಲೆ ನಿಂತ ನೀರಹನಿಗಳ ಹಾಗೆ ಅಲ್ಲಲ್ಲಿ ಕೂತಿರುತ್ತವೆ. ಸಾಮಾನ್ಯವಾಗಿ 5 ಮಿಲಿಮೀಟರ್ ಒಳಗೆ. ಒಂದೇ ಇರಬಹುದು, ಹತ್ತಾರು ಇರಬಹುದು. ಇವು ಆಮ್ಲ ಚೆನ್ನಾಗಿ ತಯಾರಿಸುವ ಆರೋಗ್ಯವಂತ ಪದರದ ಮೇಲೆಯೇ ಹುಟ್ಟುತ್ತವೆ. ಅಸಿಡಿಟಿ ಮಾತ್ರೆಯನ್ನು, ಅಂದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಥರದ್ದನ್ನು ವರ್ಷಕ್ಕಿಂತ ಜಾಸ್ತಿ ಕಾಲ ದಿನಾ ನುಂಗಿದವರಲ್ಲಿ ಹೆಚ್ಚು. ಮಾತ್ರೆ ಆಮ್ಲ ಕಡಿಮೆ ಮಾಡುತ್ತದೆ. ಆಮ್ಲ ಸಾಲದು ಅಂತ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದರ ಒತ್ತಡಕ್ಕೆ ಆಮ್ಲದ ಗ್ರಂಥಿಗಳ ಕೋಶಗಳು ಉಬ್ಬಿ, ಗ್ರಂಥಿಯ ಬಾಯಿ ಇಕ್ಕಟ್ಟಾಗಿ, ಒಳಗೆ ಪುಟ್ಟ ಚೀಲಗಳಾಗುತ್ತವೆ.

ಇವುಗಳಲ್ಲಿ ಕೋಶ ಕೆಡುವ, ಅಂದರೆ ಕ್ಯಾನ್ಸರಿನ ದಾರಿ ಹಿಡಿಯುವ, ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ನೋಡಲು ಸಹಜವಾಗಿದ್ದರೆ ಒಂದೆರಡರಿಂದ ಚೂರು ತೆಗೆದು ಖಚಿತ ಮಾಡಿಕೊಳ್ಳುತ್ತಾರೆ, ಉಳಿದವನ್ನು ಹಾಗೇ ಬಿಡುತ್ತಾರೆ. 1 ಸೆಂಟಿಮೀಟರಿಗಿಂತ ದೊಡ್ಡದು, ಮೇಲ್ಮೈ ಹುಣ್ಣಾದದ್ದು, ಆಂಟ್ರಮ್ ಕಡೆ ಸಿಕ್ಕಿದ್ದು, ಇವುಗಳಲ್ಲಿ ಯಾವುದಾದರೂ ಇದ್ದರೆ ಪೂರ್ತಿ ತೆಗೆದು ನೋಡುವುದು ಸರಿ. ಮತ್ತೊಂದು ಎಚ್ಚರ ಇದೆ. ವಯಸ್ಸು 40 ದಾಟಿಲ್ಲ, ಪಾಲಿಪ್ 20ಕ್ಕಿಂತ ಜಾಸ್ತಿ ಇವೆ, ಅಥವಾ ಸಣ್ಣ ಕರುಳಿನ ಶುರುವಿನಲ್ಲೂ ಅಡಿನೋಮಾ ಇದೆ ಅಂದರೆ ಡಾಕ್ಟರ್ ದೊಡ್ಡ ಕರುಳನ್ನೂ ನೋಡಬೇಕು ಅನ್ನುತ್ತಾರೆ. ಎಫ್‌ಎಪಿ ಅನ್ನುವ ವಂಶವಾಹಿ ಕಾಯಿಲೆಯಲ್ಲಿ ದೊಡ್ಡ ಕರುಳಿನ ತುಂಬ ನೂರಾರು ಅಡಿನೋಮಾ ಇರುತ್ತವೆ, ಹೊಟ್ಟೆಯಲ್ಲಿ ಕಾಣುವುದು ಅದರ ಸುಳಿವು ಮಾತ್ರ. ಕೊಲೊನೋಸ್ಕೋಪಿ ಬೇಕು ಅಂದಾಗ “ಹೊಟ್ಟೆ ನೋವಿಗೆ ಬಂದರೆ ಅದಕ್ಕೂ ಯಾಕೆ?” ಅಂತ ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್ ಆಗಿದ್ದರೆ ಕೇಳುವ ಮೊದಲೇ ಹೇಳಿಬಿಡಿ.

ಇದನ್ನು ಓದಿ ನಾಳೆಯಿಂದಲೇ ಅಸಿಡಿಟಿ ಮಾತ್ರೆ ಎಸೆಯಬೇಡಿ, ದಯವಿಟ್ಟು. ಕೆಲವರಿಗೆ ಅದು ಬೇಕೇ ಬೇಕು. ಆಸ್ಪಿರಿನ್ ಜೊತೆ ಹೊಟ್ಟೆ ಕಾಪಾಡಲು ಕೊಟ್ಟಿರುತ್ತಾರೆ, ಅನ್ನನಾಳ ತೀರಾ ಹಾಳಾದವರಿಗೆ ಕೊಟ್ಟಿರುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕಿ ಕೆಲವು ವಾರ ಉರಿ ತಡೆಯಲಾಗದ ಹಾಗೆ ಆಗಬಹುದು. ಆದರೆ ಯಾಕೆ ಶುರುವಾಯಿತು ಅನ್ನುವುದೇ ಮರೆತುಹೋಗಿ, ಯಾರೂ ನಿಲ್ಲಿಸು ಅನ್ನದೆ ನುಂಗುತ್ತಾ ಬಂದವರು ಬಹಳ. “ನನಗೆ ಇದು ಇನ್ನೂ ಬೇಕಾ, ಡೋಸ್ ಇಳಿಸಬಹುದಾ?” ಅಂತ ಡಾಕ್ಟರನ್ನು ಕೇಳುವುದಕ್ಕೆ ಈ ಪಾಲಿಪ್ ಒಳ್ಳೆಯ ನೆಪ. ಮಾತ್ರೆ ನಿಂತ ಮೇಲೆ ಇವು ಕುಗ್ಗಿ ಮಾಯವಾಗುವುದೂ ಉಂಟು.

ಇದೇ ಬಾಡಿಯಲ್ಲಿ, ಇಷ್ಟೇ ಚಿಕ್ಕದಾಗಿ, ಇನ್ನೊಂದು ಜಾತಿಯ ಗಂಟು ಬರುತ್ತದೆ. ಎರಡನೇ ಬಾಟಲಿ ಯಾಕೆ ಬೇಕು ಅಂತ ನನಗೆ ಮನದಟ್ಟು ಮಾಡಿದ್ದು ಇದು. ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಆಮ್ಲ ತಯಾರಿಸುವ ಕೋಶಗಳನ್ನು ತಿಂದುಹಾಕುತ್ತದೆ. ಪದರ ತೆಳುವಾಗಿ, ಮಡಿಕೆ ಕಳೆದುಕೊಂಡು, ಕೆಳಗಿನ ರಕ್ತನಾಳ ಕಾಣುವಷ್ಟು ಬೋಳಾಗಿರುತ್ತದೆ. ಇದಕ್ಕೆ ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್ ಅನ್ನುತ್ತಾರೆ. ಬಿ12 ಹೀರಿಕೊಳ್ಳುವುದಕ್ಕೆ ಬೇಕಾದ ಅಂಶವೂ ಅಲ್ಲೇ ತಯಾರಾಗುವುದು, ಹಾಗಾಗಿ ಬಿ12 ಕುಸಿದಿರುತ್ತದೆ. ಕೈಕಾಲು ಜೋಮು, ಸುಸ್ತು ಇರಬಹುದು. ಇಂಥ ಪದರದ ಮೇಲೆ ನ್ಯೂರೋಎಂಡೋಕ್ರೈನ್ ಗಂಟುಗಳು, ಅಂದರೆ ಹಾರ್ಮೋನ್ ತಯಾರಿಸುವ ಕೋಶಗಳ ಗಂಟುಗಳು, ಹುಟ್ಟಬಹುದು. ಇವು ಬಹುತೇಕ ನಿಧಾನದವು, ಆದರೂ ಗೆಡ್ಡೆಗಳೇ, ಸರಿಯಾಗಿ ಅಳೆದು ನೋಡಿಕೊಳ್ಳಬೇಕಾದವು. ಫೋಟೋದಲ್ಲಿ ಗಂಟನ್ನಷ್ಟೇ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದೆ ಇರಬಹುದು. ಸುತ್ತಲಿನ ಪದರ ನೋಡಿದರೆ ಒಂದು ತುಂಬಿಕೊಂಡ ಹೊಟ್ಟೆ, ಇನ್ನೊಂದು ಬತ್ತಿದ ಹೊಟ್ಟೆ.

ಇನ್ನು ನಮ್ಮ ಚಿಕ್ಕಮ್ಮನ ವಿಷಯ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಬಹಳ ದಿನದಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ಕಡಿಮೆ, ಕಬ್ಬಿಣದ ಅಂಶವೂ ಕಡಿಮೆ. ಕಬ್ಬಿಣದ ಮಾತ್ರೆ ನುಂಗಿದಾಗ ಏರುವುದು, ನಿಲ್ಲಿಸಿದಾಗ ಇಳಿಯುವುದು. ಮುಟ್ಟು ನಿಂತ ವಯಸ್ಸಿನಲ್ಲಿ ಕಬ್ಬಿಣ ಹೀಗೆ ಸೋರುತ್ತಿದೆ ಅಂದರೆ ಎಲ್ಲೋ ಒಳಗೆ ರಕ್ತ ಹೋಗುತ್ತಿದೆಯಾ ಅಂತ ನೋಡಲೇಬೇಕು. ದೊಡ್ಡ ಕರುಳು ನೋಡಿಸಿದೆವು, ಏನೂ ಇರಲಿಲ್ಲ. ಹೊಟ್ಟೆಯಲ್ಲಿ, ಆಂಟ್ರಮ್‌ನಲ್ಲಿ, ಎರಡು ಪಾಲಿಪ್ ಇದ್ದವು. ಕೆಂಪಗೆ, ಮೇಲ್ಮೈ ಒಡೆದು, ತುದಿಯಲ್ಲಿ ಬಿಳಿ ಪೊರೆ ಕಟ್ಟಿಕೊಂಡಿದ್ದವು. ನೀರು ಬಿಟ್ಟರೂ ರಕ್ತ ಜಿನುಗುತ್ತಿತ್ತು. ದೊಡ್ಡದು ಸುಮಾರು 8 ಮಿಲಿಮೀಟರ್. ಇವು ಹೈಪರ್‌ಪ್ಲಾಸ್ಟಿಕ್ ಪಾಲಿಪ್. ಬಹಳ ಕಾಲ ಉರಿಯೂತಕ್ಕೆ ಸಿಕ್ಕ ಪದರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲು ಹೋಗಿ ಅತಿಯಾಗಿ ಬೆಳೆದುಕೊಂಡಾಗ ಹೀಗಾಗುತ್ತದೆ.

ಆ ಉರಿಯೂತಕ್ಕೆ ಹೆಚ್ಚಿನ ಸಲ ಕಾರಣ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಆಮ್ಲದ ಮಧ್ಯೆ ಯಾವ ಕ್ರಿಮಿಯೂ ಬದುಕಲಾರದು ಅಂತ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ತೋರಿಸಿದರು. ನಂಬದವರಿಗಾಗಿ ಮಾರ್ಷಲ್ ಅದನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈಗ ನಮ್ಮ ರೂಮಿನಲ್ಲೇ ಅದಕ್ಕೊಂದು ಪರೀಕ್ಷೆ ಇದೆ, ಆರ್‌ಯುಟಿ, ಅಂದರೆ ರ್ಯಾಪಿಡ್ ಯೂರಿಯೇಸ್ ಟೆಸ್ಟ್. ಹಳದಿ ಜೆಲ್‌ನ ಪುಟ್ಟ ಗುಳಿಯಲ್ಲಿ ಒಂದು ಚೂರು ಒತ್ತಿ ಇಡುತ್ತೇನೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು ಅಮೋನಿಯಾ ಆಗಿ, ಚೂರಿನ ಸುತ್ತ ಮೊದಲು ಸಣ್ಣ ಗುಲಾಬಿ ಉಂಗುರ ಕಾಣುತ್ತದೆ. ಆಮೇಲೆ ಇಡೀ ಗುಳಿ ಕೆಂಪಾಗುತ್ತದೆ. ಚಿಕ್ಕಮ್ಮನದು ನಾವು ಸ್ಕೋಪ್ ತೊಳೆದು ಮುಗಿಸುವಷ್ಟರಲ್ಲೇ ಗುಲಾಬಿ ತಿರುಗಿತ್ತು. ಒಂದು ಮಾತು: ಅಸಿಡಿಟಿ ಮಾತ್ರೆ ತಿನ್ನುತ್ತಿದ್ದರೆ ಬ್ಯಾಕ್ಟೀರಿಯಾ ಇದ್ದೂ ಈ ಪರೀಕ್ಷೆ ‘ಇಲ್ಲ’ ಅನ್ನಬಹುದು. ಸಾಧ್ಯವಾದರೆ ಎರಡು ವಾರ ಮೊದಲು ಡಾಕ್ಟರ್ ನಿಲ್ಲಿಸಲು ಹೇಳುತ್ತಾರೆ. ಆಂಟಿಬಯಾಟಿಕ್ ಆದರೆ ನಾಲ್ಕು ವಾರ.

“ಗಂಟು ಇದೆ ಅಂತೀರಿ, ಕತ್ತರಿಸಿ ತೆಗೆಯೋದು ಬಿಟ್ಟು ಮಾತ್ರೆ ಕೊಡ್ತೀರಲ್ಲೇ?” ಅಂತ ಚಿಕ್ಕಮ್ಮ ನನ್ನನ್ನೇ ದಬಾಯಿಸಿದರು. ಅವರ ಕೇಳುವಿಕೆಯಲ್ಲಿ ತಪ್ಪೇನಿಲ್ಲ. ಆದರೆ ಬ್ಯಾಕ್ಟೀರಿಯಾ ಹೋಗಿ ಪದರ ತಣ್ಣಗಾದರೆ ಈ ಜಾತಿಯ ಪಾಲಿಪ್‌ಗಳು ಬಹುಪಾಲು ತಾವಾಗೇ ಕುಗ್ಗುತ್ತವೆ. ಇವುಗಳಲ್ಲಿ ರಕ್ತನಾಳ ಜಾಸ್ತಿ, ಕತ್ತರಿಸಿದರೆ ಸುರಿಯುತ್ತವೆ. ಸುಮ್ನೆ ಯಾಕೆ ಕೈ ಹಾಕಬೇಕು? ಬಯಾಪ್ಸಿಯಲ್ಲಿ ಕೋಶ ಕೆಟ್ಟಿಲ್ಲ ಅಂತ ಬಂದ ಮೇಲೆ ಮೊದಲು ಔಷಧಿ, ಆಮೇಲೆ ಮತ್ತೆ ನೋಡುವುದು ಅಂತ ಆಯಿತು. 1 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಕಾಂಡ ಇದ್ದರೆ, ರಕ್ತ ಸೋರುವುದು ನಿಲ್ಲದಿದ್ದರೆ, ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಗಿಲಿಗೆ ಅಡ್ಡ ಕೂತು ವಾಂತಿ ತರಿಸುತ್ತಿದ್ದರೆ ತೆಗೆಯಲೇಬೇಕು.

14 ದಿನ ನಾಲ್ಕು ಔಷಧಿ. ಅದರಲ್ಲಿ ಒಂದು ಬಿಸ್ಮತ್. ಮೂರನೆಯ ದಿನವೋ ಏನೋ, ಬೆಳಗ್ಗೆ ಎದ್ದ ಕೂಡಲೇ ಅವರ ಫೋನು. “ಪುಟ್ಟೀ, ಕಪ್ಪಗೆ ಹೋಗ್ತಿದೆ ಕಣೇ. ನಾಲಿಗೆನೂ ಕಪ್ಪು!” ಬಿಸ್ಮತ್ ತಿಂದರೆ ಮಲವೂ ನಾಲಿಗೆಯೂ ಕಪ್ಪಾಗುತ್ತದೆ, ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ. ಔಷಧಿ ಕೊಡುವಾಗ ಇದನ್ನು ಎಲ್ಲರಿಗೂ ಮುಂಚೆಯೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆದರಿ ಅರ್ಧಕ್ಕೇ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ, ಮುಂದಿನ ಸಲ ಅದೇ ಔಷಧಿಗೆ ಬಗ್ಗದೆ ಹೋಗಬಹುದು. ಆದರೆ ಮಲ ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ನಾತ ಹೊಡೆಯುತ್ತಾ, ಜೊತೆಗೆ ತಲೆಸುತ್ತು ಇದ್ದರೆ ಅದು ಮಾತ್ರೆಯ ಬಣ್ಣ ಅಂತ ಕೂರಬಾರದು. ಆಸ್ಪತ್ರೆಗೆ ಓಡಬೇಕು.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಬ್ಯಾಕ್ಟೀರಿಯಾ ನಿಜವಾಗಿ ಹೋಗಿದೆಯಾ ಅಂತ ನೋಡಬೇಕು. ಇದಕ್ಕೆ ಮತ್ತೆ ಪೈಪ್ ಬೇಕಿಲ್ಲ, ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಸಾಕು. ಎಷ್ಟೋ ಜನ ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ಹೊಟ್ಟೆ ಹಗುರಾಯಿತು, ಸರಿಹೋಯಿತು ಅಂದುಕೊಳ್ಳುತ್ತಾರೆ. ಹಗುರಾಗುವುದಕ್ಕೂ ಬ್ಯಾಕ್ಟೀರಿಯಾ ಹೋಗುವುದಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟು ಸಲ ನೋಡಿದ್ದೇನೆ.

ಅಡಿನೋಮಾ ಬಗ್ಗೆ ಹೇಳದೆ ಮುಗಿಸುವ ಹಾಗಿಲ್ಲ. ಹೊಟ್ಟೆಯಲ್ಲಿ ಇದು ಕಡಿಮೆ, ಆದರೆ ಸಿಕ್ಕರೆ ಬಿಡುವಂತಿಲ್ಲ. ಹೆಚ್ಚಾಗಿ ಒಂದೇ ಇರುತ್ತದೆ, ಆಂಟ್ರಮ್ ಕಡೆ. ಸಣ್ಣದಾದರೂ ಪೂರ್ತಿ ತೆಗೆಯಬೇಕು. ಕೆಳಗೆ ಸಲೈನ್ ಚುಚ್ಚಿ ಗಂಟನ್ನು ಮೇಲೆತ್ತಿ, ಸ್ನೇರ್ ಅನ್ನುವ ತಂತಿಯ ಕುಣಿಕೆ ಹಾಕಿ ಕತ್ತರಿಸುತ್ತಾರೆ. ದೊಡ್ಡದಾದರೆ ಅಂಚು ಬಿಡದೆ ಪದರವನ್ನು ಕೆತ್ತಿ ಒಂದೇ ತುಂಡಾಗಿ ತೆಗೆಯುತ್ತಾರೆ. ರಕ್ತ ಬಂದರೆ ಕ್ಲಿಪ್ ಹಾಕುತ್ತೇವೆ, ಅದು ಆಮೇಲೆ ತಾನಾಗೇ ಉದುರಿ ಹೋಗುತ್ತದೆ. ತೆಗೆದ ಜಾಗದಲ್ಲಿ ಹುಣ್ಣು ಉಳಿಯುತ್ತದೆ, ಮಾಯುವವರೆಗೆ ಅಸಿಡಿಟಿ ಮಾತ್ರೆ ಕೊಡುತ್ತಾರೆ. ವರ್ಷದೊಳಗೆ ಒಮ್ಮೆ ಮತ್ತೆ ನೋಡುವುದು ಕಡ್ಡಾಯ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಅದನ್ನು ಮೊದಲೇ ಹೇಳಬೇಕು. ನೀವೇ ನಿಲ್ಲಿಸಿಕೊಂಡು ಬರಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸುವುದು ಪಾಲಿಪ್‌ಗಿಂತ ದೊಡ್ಡ ಅಪಾಯ.

ಕೆಲವೊಮ್ಮೆ ಗಂಟು ಪದರದ ಕೆಳಗಿರುತ್ತದೆ, ಮೇಲಿನ ಹೊದಿಕೆ ಮಾಮೂಲಾಗಿರುತ್ತದೆ. ಫೋರ್ಸೆಪ್ಸ್‌ಗೆ ಸಿಗುವುದು ಹೊದಿಕೆ ಮಾತ್ರ. ರಿಪೋರ್ಟ್ ‘ನಾರ್ಮಲ್’ ಬಂತು, ಗಂಟು ಹಾಗೇ ಇದೆ ಅಂದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದರೆ ಸ್ಕೋಪಿನ ತುದಿಯಿಂದಲೇ ಒಳಗೆ ಮಾಡುವ ಸ್ಕ್ಯಾನ್, ಬೇಕಾ ಅಂತ ಕೇಳಿ.

ಮತ್ತೆ ಎರಡನೇ ಬಾಟಲಿಗೆ ಬರುತ್ತೇನೆ. ಸುತ್ತಲಿನ ಪದರದ ಚೂರು ಎಲ್ಲೆಲ್ಲಿಂದ ತೆಗೆಯಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. 1990ರಲ್ಲಿ ಸಿಡ್ನಿಯಲ್ಲಿ ತಜ್ಞರು ಸೇರಿ ರೂಪಿಸಿದ್ದು, 1994ರಲ್ಲಿ ಹ್ಯೂಸ್ಟನ್‌ನಲ್ಲಿ ತಿದ್ದಿದ್ದು. ಆಂಟ್ರಮ್‌ನಿಂದ ಎರಡು, ಬಾಡಿಯಿಂದ ಎರಡು, ಇವೆರಡರ ನಡುವಿನ ಮೂಲೆಯಾದ ಇನ್ಸಿಸುರಾದಿಂದ ಒಂದು. ಒಟ್ಟು ಐದು ಚೂರು. ಕೆಲವು ನಿಮಿಷದ ಕೆಲಸ.

ಚಿಕ್ಕಮ್ಮನಿಗೆ ಕೆಲವು ತಿಂಗಳ ಮೇಲೆ ಮತ್ತೆ ಸ್ಕೋಪ್ ಆಯಿತು. ಒಂದು ಪಾಲಿಪ್ ಇರಲೇ ಇಲ್ಲ. ಇನ್ನೊಂದು ಹುಡುಕಿ ನೋಡುವಷ್ಟು ಸಣ್ಣದಾಗಿತ್ತು. ಹಿಮೋಗ್ಲೋಬಿನ್ ಕಬ್ಬಿಣದ ಮಾತ್ರೆ ನಿಂತರೂ ಇಳಿದಿರಲಿಲ್ಲ. ಆದರೆ ಸುತ್ತಲಿನ ಪದರದ ರಿಪೋರ್ಟ್‌ನಲ್ಲಿ ಆಂಟ್ರಮ್ ಮತ್ತು ಬಾಡಿ ಎರಡರಲ್ಲೂ ಪದರ ಸವೆದು, ಅಲ್ಲಲ್ಲಿ ಕರುಳಿನ ಥರದ ಕೋಶಗಳು ಬಂದು ಕೂತಿವೆ ಅಂತ ಬಂತು. ಇದಕ್ಕೆ ಇಂಟೆಸ್ಟಿನಲ್ ಮೆಟಾಪ್ಲೇಸಿಯಾ ಅನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಎರಡೂ ಭಾಗಕ್ಕೆ ಹರಡಿದ್ದರೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಹಾಗಾಗಿ ಮೂರು ವರ್ಷಕ್ಕೊಮ್ಮೆ ನೋಡುತ್ತಿರಬೇಕು.

“ಪಾಲಿಪ್ಪೇ ಹೋಯ್ತಲ್ಲ, ಮತ್ತೆ ಯಾಕೆ ಪೈಪ್?” ಅಂದರು ಚಿಕ್ಕಮ್ಮ. “ಪಾಲಿಪ್ಪಿಗಲ್ಲ ಚಿಕ್ಕಮ್ಮ, ಪದರಕ್ಕೆ. ಅದು ನಿಮ್ಮ ಜೊತೇಲೇ ಇದೆಯಲ್ಲ” ಅಂದೆ. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ಓದಿ ಹೇಳಿದ ಮೇಲೆ ಒಪ್ಪಿದರು. ಮುಂದಿನ ಸ್ಕೋಪ್‌ಗೆ ಮೊದಲು ಅಸಿಡಿಟಿ ಮಾತ್ರೆ ಎಷ್ಟು ದಿನ ನಿಲ್ಲಿಸಬೇಕು ಅಂತ ಈಗಲೇ ಕೇಳಿ ಬರೆಸಿಕೊಂಡಿದ್ದಾರೆ.